ತಬೀತಾ ಕೇಳಿದರೆ

ಅಪ್ಪಾರ್ಸುತ್, ಫೆಬ್ರವರಿ 10

ಅವ್ವಾ,

ನಾಚಿಕೆ ಅನ್ನುವುದು ನೂಕ್ ಪಟ್ಟಣದ ಅಂಗಡಿಗಳಲ್ಲಿ ಸಿಗುವುದಿಲ್ಲವೇನು? ಸಿಗುವುದಾದರೆ ಒಂದು ಪೊಟ್ಟಣ ಕೊಂಡುಕೋ. ಮೂರು ತಿಂಗಳು ಬಾಯಿ ಹೊಲಿದುಕೊಂಡಿದ್ದು ಈಗ ನಾಲ್ಕು ಸಾಲು ಬರೆದಿದ್ದೀಯ. ಅದರಲ್ಲೂ ಒಂದು ಸಾಲು ಅಲ್ಲಿಯ ಹವೆಯ ವಿಚಾರ. ಅಲ್ಲಿಯ ಹವೆ ಕಟ್ಟಿಕೊಂಡು ನನಗೇನಾಗಬೇಕು? ಹೊಟ್ಟೆ ತುಂಬ ಉಣ್ಣುತ್ತೀಯಾ, ಕೆಮ್ಮು ಹೋಯಿತಾ, ಆ ಕೆಂಪು ಗಡ್ಡದವನ ಜೊತೆ ಇನ್ನೂ ಓಡಾಡುತ್ತೀಯಾ, ಬೇಕಾದ ಸಂಗತಿ ಒಂದೂ ಇಲ್ಲ. ಫೋನು ಮಾಡಿದರೆ ನನಗೆ ಕೇಳಿಸದು. ಅಂಚೆಯ ಲುವೀಸಾ ಬಂದು ನನ್ನ ಕಿವಿಯ ಹತ್ತಿರ ಕೂಗಿ ಹೇಳುತ್ತಾಳೆ. ನನಗೆ ಮುಟ್ಟುವ ಮೊದಲೇ ಸುದ್ದಿ ಊರಿಗೆಲ್ಲ ಮುಟ್ಟಿರುತ್ತದೆ. ಪಾದ್ರಿಯ ಹತ್ತಿರ ನಾಲ್ಕು ಚಳಿಗಾಲ ಕೂತು ನಾನು ಅಕ್ಷರ ಕಲಿತದ್ದು ಸುಮ್ಮನೆ ಅಲ್ಲ. ನೀನೂ ಬರೆ.

ನಿನ್ನನ್ನು ಬೈಯಬಾರದು, ನನಗೆ ಗೊತ್ತು. ನನ್ನ ಹೆತ್ತವ್ವ ತೀರಿಕೊಂಡ ಹನ್ನೊಂದನೆಯ ದಿನ ನೀನು ಹುಟ್ಟಿದೆ. ಅವಳ ಹೆಸರು ನಿನಗೆ ಬಂತು. ತೊಟ್ಟಿಲಲ್ಲಿದ್ದ ಮೊಮ್ಮಗಳನ್ನು ನಾನು ಅವ್ವಾ ಎಂದೆ. ಊರು ‘ತಬೀತಾ ತಿರುಗಿ ಬಂದಳು’ ಎಂದಿತು. ಹೆಸರು ಹೊತ್ತ ಮಗುವನ್ನು ಬೈದರೆ ಸತ್ತವರನ್ನು ಬೈದಂತೆ. ಇರಲಿ, ನನ್ನ ಅವ್ವ ಬದುಕಿದ್ದಾಗಲೂ ನಾನು ಅವಳನ್ನು ಬೈದವಳೇ. ಅವಳಿಗೆ ರೂಢಿಯಿದೆ.

ನಿನ್ನ ಪ್ರವಾಸದ ಕಂಪನಿಯವರು ಮಾಡಿಸಿದ ಬಣ್ಣದ ಪುಸ್ತಕ ನೋಡಿದೆ. ಸಿಯೋರಾಕಿನ ಮರಳುದಂಡೆಯ ಮೇಲೆ ಅವರು ಕಟ್ಟಲಿರುವ ಹನ್ನೆರಡು ಗಾಜಿನ ಮನೆ, ಯಾವುದೋ ದೊಡ್ಡ ಹಕ್ಕಿ ಮೊಟ್ಟೆ ಇಟ್ಟು ಮರೆತು ಹೋದ ಹಾಗೆ. ಒಳಗೆ ಬಿಳಿ ಹೊದಿಕೆ ಹೊದ್ದು ಗಂಡಹೆಂಡತಿ ಮಲಗಿದ್ದಾರೆ. ಇವರು ಬಟ್ಟೆ ಎಲ್ಲಿ ಬದಲಿಸುತ್ತಾರೆ? ಚಿತ್ರವನ್ನು ಪಕ್ಕದ ಮನೆಯ ಯೆರಿಮಿಯಾಸನಿಗೆ ತೋರಿಸಿದೆ. ಎಪ್ಪತ್ತೈದಾದರೂ ಬೇಟೆಗೆ ಹೋಗುವವನು, ಅವನಿಗೆ ತಿಳಿಯಲಿ ಅಂತ.

“ಕರಡಿಗೆ ಒಳ್ಳೇದಾಯ್ತು ಬಿಡಕ್ಕ,” ಅಂದ. “ಒಳಗ್ ಯಾರ್ ದಪ್ಪಗಿದಾರೆ ಅಂತ ಹೊರಗಿಂದ್ಲೇ ನೋಡಿ ಆರಿಸ್ಕೊಬೋದು.”

ನಗುವ ಮಾತು ಮುಗಿಯಿತು. ಸಿಯೋರಾಕ್ ನೀನು ಕಾಣದ ಜಾಗವೇ? ಹದಿನಾಲ್ಕು ಬೇಸಿಗೆ ಅಲ್ಲಿ ನನ್ನ ಡೇರೆಯಲ್ಲಿ ಮಲಗಿದ್ದೀಯ. ಆಗಸ್ಟಿನಲ್ಲಿ ಕೊಂಬಿನ ತಿಮಿಂಗಿಲಗಳು ಒಳಕ್ಕೆ ಬರುವುದು ಅದರ ಮುಂದಿನ ಕಡಲ್ಗಾಲುವೆಯಿಂದಲೇ. ಮೊದಲನೆಯದು ಕಂಡ ದಿನದಿಂದ ಇಂಜಿನ್ ದೋಣಿ ಓಡುವುದಿಲ್ಲ, ರೇಡಿಯೋ ಹಾಡುವುದಿಲ್ಲ, ದಂಡೆಯ ಮೇಲೆ ಯಾರೂ ಬೂಟು ಹಾಕಿ ನಡೆಯುವುದಿಲ್ಲ. ಗಂಡಸರು ತೊಗಲುದೋಣಿಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತಾರೆ. ನಿನಗೆ ಆರು ವರ್ಷವಿದ್ದಾಗ ಕೆಟಲಿನ ಮುಚ್ಚಳ ಕಲ್ಲಿನ ಮೇಲೆ ಬೀಳಿಸಿದೆ. ಮೂವತ್ತು ತಿಮಿಂಗಿಲ ಒಂದೇ ಸಲ ತಿರುಗಿ ಸಮುದ್ರಕ್ಕೆ ಹೋದವು. ಬೇರೆ ಮಗುವಾಗಿದ್ದರೆ ಕಿವಿ ಕಿತ್ತುಬರುತ್ತಿತ್ತು. ಯೆರಿಮಿಯಾಸ್ ದೋಣಿಯಿಂದ ಇಳಿದು ಬಂದು, “ಅವ್ವಂಗೆ ಹಸಿವಾಗಿತ್ತೇನೋ, ಮುಚ್ಚಳ ತೆಗೆದ್ಲು” ಅಂದನೇ ಹೊರತು ಇನ್ನೊಂದು ಮಾತಾಡಲಿಲ್ಲ.

ನಿನ್ನ ಅತಿಥಿಗಳು ಬರುವ ತಿಂಗಳು ಯಾವುದೆಂದು ಪುಸ್ತಕದಲ್ಲಿ ಹುಡುಕಿದೆ. ಜುಲೈ, ಆಗಸ್ಟ್. ಬರುವುದು ಇಂಜಿನ್ ದೋಣಿಯಲ್ಲಿ. “ಊರು ಒಪ್ಪುವ ಹಾಗೆ ನೀನೇ ಒಂದು ಮಾತು ಹೇಳು ಅಜ್ಜಿ” ಎಂದು ಬರೆದಿದ್ದೀಯ. ಹೇಳಲಾರೆ.

ಉಣ್ಣು, ಬೆಚ್ಚಗಿರು.

ನಿನ್ನ ಮಗಳೂ ಅಜ್ಜಿಯೂ ಆದ
ಬೆನಿಗ್ನೆ

*

ಅಪ್ಪಾರ್ಸುತ್, ಮಾರ್ಚ್ 14

ಅವ್ವಾ,

ಈ ಸಲ ನಾಲ್ಕು ಸಾಲಲ್ಲ, ನಾಲ್ಕು ಹಾಳೆ. ಬೈಗುಳಕ್ಕೆ ಫಲವುಂಟು. ಗಾಳಿ ಹೊಡೆದು ಅಂಚೆಯ ಹೆಲಿಕಾಪ್ಟರ್ ಹನ್ನೆರಡು ದಿನ ಬರಲಿಲ್ಲ, ಅದಕ್ಕೇ ಉತ್ತರ ತಡ.

ಶಾಲೆಯಲ್ಲಿ ಏಳೇ ಮಕ್ಕಳು ಉಳಿದಿರುವುದು ನನಗೂ ಗೊತ್ತು. ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ಮೇಲಿನ ಸಾಲಿನ ಎರಡು ಮನೆಯ ಕಿಟಕಿಗೆ ಹಲಗೆ ಹೊಡೆದರು. ಕೆಲಸವಿಲ್ಲದ ಊರನ್ನು ಸರ್ಕಾರ ಒಂದು ದಿನ ಮುಚ್ಚಿಬಿಡುತ್ತದೆ ಎನ್ನುತ್ತೀಯ. ಅತಿಥಿಗಳು ಬಂದರೆ ಹದಿನೈದು ಜನರಿಗೆ ಕೆಲಸ ಎನ್ನುತ್ತೀಯ. ಇದನ್ನು ಹಿಡಿದುಕೊಂಡು ಲುವೀಸಾಳ ಹತ್ತಿರ ಹೋದೆ. ಅಂಚೆ ನೋಡುವವಳೂ ಅವಳೇ, ಊರ ಸಭೆಯ ಮುಖ್ಯಸ್ಥೆಯೂ ಅವಳೇ. ಅವಳ ಬಾಯಿಗೆ ಎರಡು ಹುದ್ದೆಯೂ ಸಾಲದು.

“ಬೆನಿಗ್ನಕ್ಕಾ, ನಿನ್ ತಿಮಿಂಗಿಲ ಬಂದು ಸ್ಕೂಲ್ ಬೆಂಚ್ ಮೇಲೆ ಕೂರುತ್ತಾ?” ಅಂದಳು.

“ನಿನ್ ಅತಿಥಿಗಳು ಕೂರ್ತಾರಾ?”

“ಅವ್ರು ಕೂರಲ್ಲ. ಅವ್ರಿಗೆ ಹಾಸಿಗೆ ಹಾಸೋ ಹುಡುಗೀರ ಮಕ್ಳು ಕೂರ್ತಾರೆ.”

ಅವಳ ಕೇಕು ತಿಂದು ಬಂದೆ. ಸಕ್ಕರೆ ಹೆಚ್ಚಾಗಿತ್ತು, ಅದನ್ನಾದರೂ ಹೇಳಿ ಬಂದೆ.

ಯೆರಿಮಿಯಾಸ್ ಮಾತ್ರ ಕುದಿಯುತ್ತಿದ್ದಾನೆ. ಏಪ್ರಿಲಿನ ಸಭೆಯಲ್ಲಿ ಆಡಬೇಕಾದ ಮಾತನ್ನು ನಾಯಿಗಳಿಗೆ ಮೀನು ಹಾಕುತ್ತಾ ಗಟ್ಟಿಯಾಗಿ ಅಭ್ಯಾಸ ಮಾಡುತ್ತಾನೆ. ನಾಯಿಗಳೆಲ್ಲ ಅವನ ಪಕ್ಷ.

ನಿನ್ನ ಕಾಗದದ ಕಡೆಯ ಸಾಲಿಗೆ ಬರುತ್ತೇನೆ. ಮನೆಗಳು ಎದ್ದರೆ ಅವುಗಳ ಉಸ್ತುವಾರಿ ನಿನ್ನದೇ, ಇಲ್ಲಿಗೇ ಬಂದು ಇರುತ್ತೀಯ ಎಂದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡ. ಹಿಂದಿನ ಕೋಣೆಯಲ್ಲಿ ರಾಶಿ ಬಿದ್ದಿದ್ದ ಬಲೆಗಳನ್ನು ಹೊರಗೆ ಹಾಕಿದೆ, ಕಿಟಕಿ ಒರೆಸಿದೆ. ಇದಕ್ಕೆ ಏನೇನೋ ಅರ್ಥ ಹಚ್ಚಬೇಡ. ಕಿಟಕಿ ಕೊಳೆಯಾಗಿತ್ತು.

ಸಿಯೋರಾಕ್ ಬಿಟ್ಟು ಬೇರೆ ಜಾಗ ನಿಮ್ಮವರಿಗೆ ಯಾಕಾಗದು? ಅದನ್ನು ಬರೆ.

ನಿನ್ನ
ಬೆನಿಗ್ನೆ

*

ಅಪ್ಪಾರ್ಸುತ್, ಏಪ್ರಿಲ್ 22

ಅವ್ವಾ,

ಸಭೆ ಆಯಿತು. ನಿನಗೆ ಸುದ್ದಿ ಮೊದಲೇ ಮುಟ್ಟಿರುತ್ತದೆ. ಆದರೆ ನಿಮ್ಮ ಕಂಪನಿ ಕಳಿಸಿದ ಟೋರ್ಬೆನ್ ಹೇಳಿದ್ದು ಅವನ ಕಣ್ಣಿಗೆ ಕಂಡದ್ದು. ನನ್ನ ಕಣ್ಣಿಗೆ ಕಂಡದ್ದು ಬೇರೆ.

ಮನುಷ್ಯ ಕೆಟ್ಟವನಲ್ಲ. ಹಣ ಹಾಕುವವರ ಕಡೆಯಿಂದ ಬಂದವನು ಎಲ್ಲಕ್ಕೂ ಮೂಗು ಮುರಿಯುತ್ತಾನೆ ಅಂದುಕೊಂಡಿದ್ದೆ. ಇವನು ಮನೆಮನೆಗೆ ಬಂದು ಕಾಫಿ ಕುಡಿದ, ತಿಮಿಂಗಿಲದ ಹಸಿ ತೊಗಲು ಕೊಟ್ಟರೆ ಅಗಿದು ಅಗಿದು ಕಣ್ಣಲ್ಲಿ ನೀರು ಬಂದರೂ ಉಗುಳಲಿಲ್ಲ. ಸಭಾಮನೆಯಲ್ಲಿ ಗೋಡೆಯ ಮೇಲೆ ಚಿತ್ರ ತೋರಿಸಿದ. ಶಾಲೆಗೆ ಹೊಸ ಚಾವಣಿ, ಊರಿಗೆ ನೀರಿನ ಕೊಳವೆ. ಮುಂದಿನ ಸಾಲಿನಲ್ಲಿ ಯೆರಿಮಿಯಾಸ್, ಭಾನುವಾರದ ಬಿಳಿ ಅಂಗಿ ಹಾಕಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಎದ್ದು ನಿಲ್ಲಲು ತಯಾರಾಗಿ ಕೂತಿದ್ದ.

ಆಗ ಟೋರ್ಬೆನ್ ಜೇಬಿನಿಂದ ಹಾಳೆ ತೆಗೆದು ಲುವೀಸಾಳಿಗೆ ಕೊಟ್ಟ. ಅವಳು ಓದಿದಳು. ನಿನ್ನ ಕಾಗದ. “ಸಿಯೋರಾಕ್ ನಮಗೆ ಬೇಕು. ಬೇಡ ಅನ್ನಬೇಡಿ. ಇದನ್ನು ಕೇಳುತ್ತಿರುವವಳು ತಬೀತಾ.”

ನನಗೆ ಆಗ ಪದ ಕೇಳಿಸಲಿಲ್ಲ, ಅಲ್ಲಿ ಆಡಿದ್ದನ್ನೆಲ್ಲ ಲುವೀಸಾ ಆಮೇಲೆ ಕಿವಿಯಲ್ಲಿ ಕೂಗಿದಳು. ಜನರ ಬೆನ್ನು ನೋಡಿದೆ. ಒಂದೊಂದೇ ಬೆನ್ನು ಸಡಿಲವಾಯಿತು. ಯೆರಿಮಿಯಾಸ್ ಎದ್ದ. ಎರಡು ತಿಂಗಳು ಮಸೆದ ಮಾತು ಈಗ ಬರುತ್ತದೆ ಎಂದು ನಾನು ಮುಂದಕ್ಕೆ ಬಾಗಿದೆ.

“ತಬೀತಾ ಕೇಳಿದ್ಮೇಲೆ ಮುಗೀತಲ್ಲ,” ಅಂದ. ಕೂತ.

ಅಷ್ಟೇ. ಕೈಗಳೆಲ್ಲ ಮೇಲೆದ್ದವು. ನನ್ನದೂ ಎದ್ದಿತು. ಟೋರ್ಬೆನ್ ಗೋಡೆಯ ಚಿತ್ರವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ನಕ್ಕ. ಚಿತ್ರ ಗೆದ್ದಿತು ಅಂದುಕೊಂಡ, ಪಾಪ.

ಹಸಿವಿನ ಚಳಿಗಾಲದ ಕಥೆ ನಿನಗೆ ಎಷ್ಟು ಸಲ ಹೇಳಿದ್ದೇನೆ? ನಾನಾಗ ಐದು ವರ್ಷದವಳು. ಸೀಲು ಇಲ್ಲ, ಮೀನು ಇಲ್ಲ, ನಾಯಿಗಳನ್ನು ತಿಂದಾಗಿತ್ತು. ನನ್ನ ಅವ್ವ ತನ್ನ ದೊಡ್ಡ ದೋಣಿಗೆ ಹೊಲಿದಿದ್ದ ತೊಗಲನ್ನು ಬಿಚ್ಚಿ, ಕತ್ತರಿಸಿ, ಬೇಯಿಸಿ, ಮನೆಮನೆಗೆ ಹಂಚಿದಳು. ದೋಣಿ ಹೋದರೆ ಮುಂದಿನ ಬೇಸಿಗೆಯ ತುತ್ತು ಹೋದಂತೆ, ಆದರೂ ಹಂಚಿದಳು. ಹಾಲು ಬತ್ತಿದ ತಾಯಿಯ ಮಡಿಲಲ್ಲಿದ್ದ ಕೂಸಿನ ಬಾಯಿಗೆ ಮೊದಲ ಗುಟುಕು ಹಾಕಿದಳು. ಆ ಕೂಸು ಯೆರಿಮಿಯಾಸ್. ಈ ಊರಲ್ಲಿ ತಬೀತಾ ಕೇಳಿದ್ದಕ್ಕೆ ಇಲ್ಲ ಅನ್ನುವ ನಾಲಿಗೆ ಇಲ್ಲ.

ಬೆನಿಗ್ನೆ

*

ಅಪ್ಪಾರ್ಸುತ್, ಮೇ 19

ಅವ್ವಾ,

ನಿನ್ನ ಸಂತೋಷದ ಕಾಗದ ಬಂತು. ಚಾಕೊಲೇಟೂ ಬಂತು, ಹಲ್ಲಿಗೆ ಗಟ್ಟಿ. “ಒಬ್ಬರೂ ವಿರೋಧಿಸಲಿಲ್ಲವಂತೆ!” ಎಂದು ಬರೆದು ಕೆಳಗೆ ಗೀಟು ಹಾಕಿದ್ದೀಯ.

ಕಳೆದ ವಾರ ಯೆರಿಮಿಯಾಸ್ ನಾಯಿ ಕಟ್ಟಿ ಜಾರುಬಂಡಿ ಹೊಡೆದುಕೊಂಡು ಸಿಯೋರಾಕಿಗೆ ಹೋದ. ಕಡಲ ಮೇಲಿನ ಮಂಜುಗಡ್ಡೆ ಕಡೆಯ ಉಸಿರು ಎಳೆಯುತ್ತಿದೆ, ಎಲ್ಲಿ ಬಿರಿದೀತೋ ತಿಳಿಯದು. ನಾನು ಕಿಟಕಿ ಬಿಟ್ಟು ಏಳಲಿಲ್ಲ. ಸಂಜೆ ಬಂದ. ಬಂಡಿಯ ತುಂಬ ಕಂಬಗಳು. ಮಾಂಸ ಒಣಗಿಸುವ ಅವನ ಅಟ್ಟಣೆ, ಅವನಪ್ಪ ನೆಟ್ಟದ್ದು, ಬುಡಸಮೇತ ಕಿತ್ತು ತಂದಿದ್ದ.

“ಇದ್ಯಾಕೋ ಕಿತ್ತೆ?” ಅಂದೆ.

“ಬರೋರಿಗೆ ಜಾಗ ಬೇಕಲ್ಲಕ್ಕ.”

“ನಿಂಗೆ ಸಿಟ್ಟಿಲ್ವೇನೋ?”

“ಯಾರ್ ಮೇಲೆ ಸಿಟ್ ಮಾಡ್ಕೊಳ್ಳಿ? ಅವ್ವನ್ ಮೇಲಾ?” ಅಂದ. ಕಂಬಗಳನ್ನು ಮನೆಯ ಹಿಂದೆ ಒರಗಿಸಿ, ನಾಯಿಗಳಿಗೆ ಮೀನು ಹಾಕಿದ. ಈ ಸಲ ನಾಯಿಗಳ ಹತ್ತಿರ ಏನೂ ಮಾತಾಡಲಿಲ್ಲ.

ಅವನು ಕೂಗಾಡಿದ್ದರೆ ನಾನು ನಿನಗೆ ಈ ಕಾಗದ ಬರೆಯುತ್ತಿರಲಿಲ್ಲ.

ಈಗ ನಾನು ಒಂದು ಕೇಳುತ್ತೇನೆ. ಬೇರೆ ಏನೂ ಬರೆಯದಿದ್ದರೂ ಇದಕ್ಕೆ ಉತ್ತರ ಬರೆ. ಕಂಪನಿಯ ಹೆಸರಿನಲ್ಲಿ ಕೇಳಬಹುದಿತ್ತು. ಟೋರ್ಬೆನ್ ಕೇಳಬಹುದಿತ್ತು. ಬೆನಿಗ್ನೆಯ ಮೊಮ್ಮಗಳು ಎಂದು ಬರೆಯಬಹುದಿತ್ತು. ತಬೀತಾ ಕೇಳುತ್ತಿದ್ದಾಳೆ ಎಂದು ಬರೆದಾಗ, ಏನಾಗುತ್ತದೆ ಎಂದು ನಿನಗೆ ಗೊತ್ತಿತ್ತೋ, ಗೊತ್ತಿರಲಿಲ್ಲವೋ?

ಬೆನಿಗ್ನೆ

*

ಅಪ್ಪಾರ್ಸುತ್, ಜುಲೈ 8

ಅವ್ವಾ,

ಏಳು ವಾರ. ಏಳು ವಾರದಲ್ಲಿ ಹೆಲಿಕಾಪ್ಟರ್ ಆರು ಸಲ ಬಂತು. ಐದು ಸಲ ಲುವೀಸಾ ಬಾಗಿಲಲ್ಲಿ ನಿಂತು ಬರಿಗೈ ತೋರಿಸಿದಳು. ಆರನೆಯ ಸಲ ಕೊಟ್ಟಳು. ಒಳಗೆ ಒಂದೇ ಸಾಲು.

“ಗೊತ್ತಿತ್ತು ಅಜ್ಜಿ.”

ಸುಳ್ಳು ಬರೆದಿದ್ದರೆ ನಾನು ನಂಬುತ್ತಿದ್ದೆ. ಸುಲಭವಾಗುತ್ತಿತ್ತು, ನಂಬಿ ಮಲಗುತ್ತಿದ್ದೆ. ಏಳು ವಾರ ನುಂಗಿಕೊಂಡು ಕಡೆಗೆ ನಿಜವನ್ನೇ ಬರೆದೆ. ಇಲ್ಲಿ ಬೈಯಬೇಕು ಎಂದು ಪೆನ್ನು ಹಿಡಿದೆ, ಆದರೆ ಬೈಗುಳ ಬರುತ್ತಿಲ್ಲ. ಊರು ಮುಚ್ಚಿಹೋದೀತು ಎಂಬ ಹೆದರಿಕೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೆ; ಕೈಗೆ ಸಿಕ್ಕಿದ್ದು ನನ್ನ ಅವ್ವನ ಹೆಸರು. ಇಷ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಯಿತೆಂದರೆ ಒಪ್ಪಿದೆನೆಂದಲ್ಲ.

ಮರದ ದಿಮ್ಮಿ, ಗಾಜು ಹೊತ್ತ ಹಡಗು ಆಗಸ್ಟಿನ ಮೊದಲ ವಾರ ಬರುತ್ತದಂತೆ. ಲುವೀಸಾ ಹೇಳಿದಳು: ನಮ್ಮಲ್ಲಿ ನೆಲ ಯಾರಪ್ಪನದೂ ಅಲ್ಲ, ಕಟ್ಟಲು ಅಪ್ಪಣೆ ಮಾತ್ರ, ಮೊದಲ ಕಂಬ ಇಳಿಯುವ ತನಕ ಊರು ಅಪ್ಪಣೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೆ ಊರು ತೆಗೆದುಕೊಳ್ಳುವುದಿಲ್ಲ. ನಾನು ಹೇಳಿದರೂ ಇಲ್ಲ, ಪಾದ್ರಿ ಹೇಳಿದರೂ ಇಲ್ಲ. ತಬೀತಾ ಕೇಳಿದ್ದನ್ನು ತಬೀತಾಳೇ ಬೇಡ ಅನ್ನಬೇಕು. ಕಾಗದದಲ್ಲಿ ಆಗದು. ಅದೇ ಸಭಾಮನೆಯಲ್ಲಿ ನಿಂತು, ಮುಖ ತೋರಿಸಿ ಹೇಳಬೇಕು.

ಹೇಳಬೇಕೋ ಬೇಡವೋ, ಅದು ನಿನ್ನದು. ನನ್ನನ್ನು ಮಾತ್ರ ಕೇಳಬೇಡ. ಬೇಡ ಅಂದರೆ ನಿನ್ನ ಕೆಲಸ ಹೋಗುತ್ತದೆ, ನೀನು ಇಲ್ಲಿಗೆ ಬಂದು ಇರುವುದೂ ಹೋಗುತ್ತದೆ, ಅಷ್ಟು ನನಗೂ ತಿಳಿಯುತ್ತದೆ. ಬೆಳಗ್ಗೆ ಎದ್ದು ಒಲೆ ಹಚ್ಚಿ ಎರಡು ಬಟ್ಟಲು ಇಟ್ಟುಬಿಡುತ್ತೇನೆ, ಆಮೇಲೆ ಒಂದನ್ನು ಒಳಗೆ ಇಡುತ್ತೇನೆ. ನನ್ನನ್ನು ಕೇಳಿದರೆ, ಕಟ್ಟು ಅನ್ನುತ್ತೇನೆ. ಹನ್ನೆರಡಲ್ಲ, ಇಪ್ಪತ್ತು ಕಟ್ಟು, ತಿಮಿಂಗಿಲ ಎಲ್ಲಿಗಾದರೂ ಹೋಗಲಿ, ನೀನು ಬಾ ಅನ್ನುತ್ತೇನೆ. ಇಂಥವಳ ಹತ್ತಿರ ನ್ಯಾಯ ಕೇಳಬಾರದು.

ನಿನ್ನ ಮಗಳು
ಬೆನಿಗ್ನೆ

*

ಅಪ್ಪಾರ್ಸುತ್, ಸೆಪ್ಟೆಂಬರ್ 9

ತಬೀತಾ, ನನ್ನ ಮೊಮ್ಮಗಳೇ,

ಮೇಲಿನ ಸಾಲನ್ನು ಇನ್ನೊಮ್ಮೆ ಓದು. ಕೈತಪ್ಪಿ ಬರೆದದ್ದಲ್ಲ. ಯಾಕೆ ಅವ್ವಾ ಅನ್ನಲಿಲ್ಲ ಎಂದು ಮುಂದೆ ಹೇಳುತ್ತೇನೆ.

ಆ ಹಡಗಿನಲ್ಲೇ ಬಂದಿಳಿದು ಸಭಾಮನೆಯಲ್ಲಿ ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ. ಲುವೀಸಾ ಕಿವಿಯಲ್ಲಿ ಕೂಗಿದಳು: “ಕೇಳ್ಬಾರ್ದಿತ್ತು, ಕೇಳ್ದೆ ಅಂತಿದಾಳೆ! ವಾಪಸ್ ತಗೊಂಡೆ ಅಂತಿದಾಳೆ! ಅಳ್ತಿದಾಳೆ!” ಅಳುವುದು ನನಗೆ ಕಾಣುತ್ತಿರಲಿಲ್ಲವೇ, ಅದನ್ನೂ ಕೂಗಬೇಕಿತ್ತೇ ಮುದುಕಿ? ಟೋರ್ಬೆನ್ ಬೆಳ್ಳಗಾಗಿ ಹೋದ. ಹಡಗು ಮರವನ್ನು ಇಳಿಸದೆ ತಿರುಗಿತು, ನೀನೂ ಅದರಲ್ಲೇ ತಿರುಗಿದೆ. ಮೂರೇ ದಿನ. ಹಡಗಿನ ಮೆಟ್ಟಿಲ ಹತ್ತಿರ ನಾನು ಏನೂ ಹೇಳಲಿಲ್ಲ ಎಂದು ನೊಂದುಕೊಂಡೆಯಂತೆ. ಬಾಯಿ ತೆರೆದಿದ್ದರೆ ಹೋಗಬೇಡ ಅನ್ನುತ್ತಿದ್ದೆ. ಅದಕ್ಕೇ ಮುಚ್ಚಿಕೊಂಡಿದ್ದೆ.

ನೀನು ಹೋದ ಒಂಬತ್ತನೆಯ ದಿನ ತಿಮಿಂಗಿಲಗಳು ಬಂದವು. ಹೆಚ್ಚಿಲ್ಲ, ಹದಿನಾರು. ನಿನ್ನ ಪಾಲಿನ ತೊಗಲನ್ನು ಉಪ್ಪು ಹಾಕಿ ಇಟ್ಟಿದ್ದೇನೆ.

ಕೆಲಸದಿಂದ ತೆಗೆದರು ಎಂದು ನೀನು ಬರೆದ ಸುದ್ದಿಯನ್ನು ಲುವೀಸಾಳಿಗೆ ಹೇಳಿದೆ. ಅಂದರೆ ಊರಿಗೆ ಹೇಳಿದೆ. ಮಾರನೆಯ ದಿನ ನನ್ನ ಮನೆಗೆ ಒಬ್ಬೊಬ್ಬರಾಗಿ ಬಂದರು. ಕಾಫಿಗೆ ಕರೆದಿರಲಿಲ್ಲ, ಕೇಕು ಮಾಡಿರಲಿಲ್ಲ. ಕೂತರು. ಆಮೇಲೆ ಯೆರಿಮಿಯಾಸ್ ನೆಲ ನೋಡುತ್ತಾ ಅಂದ:

“ಈ ಅತಿಥಿಗಳು ಬೇಸಿಗೆಲೇ ಬರ್ಬೇಕಾ? ಮಾರ್ಚಲ್ಲಿ ಬಂದ್ರೆ ಏನ್ ಸತ್ತೋಗ್ತಾರಾ? ಆಗ ನಮ್ ನಾಯಿಗಳು ಹೇಗೂ ಓಡ್ತಿರ್ತವೆ. ಬಂಡಿ ಮೇಲೆ ಕೂರಿಸ್ಕೊಂಡು ಹೋಗ್ತೀನಿ. ನೀರೆಲ್ಲ ಗಡ್ಡೆ ಕಟ್ಟಿರುತ್ತೆ, ಎಷ್ಟಾದ್ರೂ ಕಿರುಚ್ಕೊಳ್ಲಿ.”

“ಎಲ್ಲಿ ಮಲಗಿಸ್ತೀಯೋ?” ಅಂದಳು ಲುವೀಸಾ. “ನಿನ್ ಪಕ್ಕದಲ್ಲಾ?”

“ನನ್ ಪಕ್ಕ ನೀನ್ ಒಪ್ಪಲಿಲ್ಲ, ಅವ್ರೊಪ್ತಾರಾ? ಹಲಗೆ ಹೊಡ್ದಿರೋ ಎರಡು ಮನೆ ಇಲ್ವಾ ಮೇಲೆ? ಕಿಟಕಿ ತೆಗೆದ್ರಾಯ್ತು.”

ಊರು ನಗಲು ಶುರುಮಾಡಿತು. ಆಮೇಲೆ ತಡೆಯುವವರಿಲ್ಲ. ಯೆರಿಮಿಯಾಸ್ ಹನ್ನೊಂದು ನಾಯಿ ಮತ್ತು ಎರಡು ಬಂಡಿ ಹಾಕುತ್ತಾನೆ. ಲುವೀಸಾ ಹಾಸಿಗೆಗೆ ಹಿಮಸಾರಂಗದ ತೊಗಲು ಹಾಕುತ್ತಾಳೆ. ಮನೆಗಳ ಹಳೆಯ ವಾರಸುದಾರರನ್ನು ಪಾದ್ರಿ ಹಿಡಿದು ಕೇಳುತ್ತಾನೆ. ನಾನು ಅಡುಗೆ. ಗಾಜಿಲ್ಲ, ಬಿಳಿ ಹೊದಿಕೆಯಿಲ್ಲ. ಮೊದಲ ವರ್ಷ ಆರು ಜನ ಬಂದರೆ ಹೆಚ್ಚು. ಇದರಿಂದ ಶಾಲೆ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆರು ಜನರನ್ನು ಕರೆತರುವುದು ಹೇಗೆ, ಎಲ್ಲಿ ಬರೆಯಬೇಕು, ಏನು ಹೇಳಬೇಕು, ಅದೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅದು ಗೊತ್ತಿರುವವಳು ಒಬ್ಬಳು ನೂಕಿನಲ್ಲಿ ಕೆಲಸವಿಲ್ಲದೆ ಕೂತಿದ್ದಾಳೆ.

“ಬರಿ, ‘ಅವ್ವಾ, ಊರು ಕರೀತಿದೆ, ಬಾ’ ಅಂತ,” ಅಂದಳು ಲುವೀಸಾ.

“ಬೇಡ,” ಅಂದ ಯೆರಿಮಿಯಾಸ್. “ಅವ್ವ ಅಂತ ಕರೆದ್ರೆ ಅವ್ಳು ಹೇಳಿದ್ಕೆಲ್ಲ ನಾವು ತಲೆ ಆಡಿಸ್ಬೇಕು. ಈ ಕೆಲ್ಸದಲ್ಲಿ ಅವಳ್ ಜೊತೆ ಜಗಳ ಆಡೋಕಾಗ್ಬೇಕು. ಬೆನಿಗ್ನಕ್ಕನ್ ಮೊಮ್ಮಗಳು ಅಂತ ಬರಿ.”

ಎಲ್ಲರೂ ಒಪ್ಪಿದರು. ಹುಟ್ಟು, ಸಾವು, ಹಬ್ಬಕ್ಕೆ ನೀನು ತಬೀತಾಳೇ, ನಮ್ಮೆಲ್ಲರ ಅವ್ವನೇ. ಈ ಕೆಲಸದಲ್ಲಿ ಮಾತ್ರ ನೀನು ಇಪ್ಪತ್ತೊಂಬತ್ತು ವರ್ಷದ ಹುಡುಗಿ, ತಪ್ಪು ಮಾಡುವವಳು, ನಮ್ಮ ಕೈಲಿ ಬೈಸಿಕೊಳ್ಳುವವಳು.

ಈ ಸಲ ಕೇಳುತ್ತಿರುವವರು ನಾವು. ನಮಗೆ ಯಾವ ಹೆಸರಿನ ಬಲವೂ ಇಲ್ಲ, ನೀನು ಇಲ್ಲ ಅನ್ನಬಹುದು. ಆ ಪಟ್ಟಣದಲ್ಲಿ ಬೇರೆ ಕೆಲಸ ಸಿಕ್ಕಿದ್ದರೆ ಇಲ್ಲ ಅನ್ನು. ಕೆಂಪು ಗಡ್ಡದವನು ಬರಲಾರೆ ಅಂದರೆ ಇಲ್ಲ ಅನ್ನು. ಊರು ನಿನ್ನ ಮೇಲೆ ಸಿಟ್ಟಾಗುತ್ತದೆ, ನಾನು ಒಂದು ವಾರ ಅಳುತ್ತೇನೆ, ಆಮೇಲೆ ಮತ್ತೆ ಕಾಗದ ಬರೆಯುತ್ತೇನೆ. ನಿನಗೆ ಅದಕ್ಕಿಂತ ಕೆಟ್ಟದ್ದೇನೂ ಆಗುವುದಿಲ್ಲ.

ಬರುತ್ತೇನೆ ಅನ್ನುವುದಾದರೆ ನನಗೋಸ್ಕರ ಬರಬೇಡ, ಎಂಬತ್ತರ ಮುದುಕಿ ಎಷ್ಟು ದಿನ? ಆರು ಜನರನ್ನು ಕರೆದುಕೊಂಡೇ ಬಾ.

ಹೌದೋ ಇಲ್ಲವೋ, ಎರಡರಲ್ಲಿ ಒಂದನ್ನು ದೊಡ್ಡ ಅಕ್ಷರದಲ್ಲಿ ಬರೆ. ಯೋಚಿಸುತ್ತಿದ್ದೇನೆ ಎಂದು ಬರೆದು ಕಳಿಸಿದರೆ ಆ ಕಾಗದವನ್ನು ಒಲೆಗೆ ಹಾಕುತ್ತೇನೆ. ಅಕ್ಟೋಬರ್ ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಅಜ್ಜಿ
ಬೆನಿಗ್ನೆ